ಮಲ್ಲಟದ ಬಾವಲಿಗೆ ಎತ್ತರವಿಲ್ಲ

೧೨ ಜನವರಿ ೨೦೨೫, ರವಿವಾರ

ಹೈದರಾಬಾದಿನ ಚಾರ್‌ಮಿನಾರನ್ನು ಹೊರಗೋಡೆಯಿಂದ, ಹಗ್ಗವಿಲ್ಲದೆ, ಬರಿಗಾಲಲ್ಲಿ ಹತ್ತಿ, ಮೇಲೆ ಕುಳಿತು ಒಂದು ಬೀಡಿ ಸೇದಿ ಇಳಿದುಬಂದ ಏಕೈಕ ಮನುಷ್ಯ ನಾನು, ಮಟಮಾರಿ ಮೌನಪ್ಪ. ಪೇಪರಿನಲ್ಲಿ ಬರಲಿಲ್ಲ. ಫೋಟೋದವನಿಗೆ ಅಷ್ಟು ಎತ್ತರಕ್ಕೆ ಕತ್ತೆತ್ತಲು ಆಗಲಿಲ್ಲ, ಪಾಪ.

ಗೊಬ್ಬರದ ಅಂಗಡಿಯವರು ಕೊಟ್ಟ ಈ ಡೈರಿಯನ್ನು ಹೆಂಡತಿ ಗೋಪಮ್ಮ ಹಾಲಿನ ಲೆಕ್ಕಕ್ಕೆ ಕೇಳಿದಳು. ಕೊಡಲಿಲ್ಲ. ದೊಡ್ಡವರ ಜೀವನವನ್ನು ಯಾರಾದರೂ ಬರೆದಿಡಬೇಕು. ಬೇರೆ ಯಾರೂ ಬರೆಯುವ ಲಕ್ಷಣ ಕಾಣದ್ದರಿಂದ ನಾನೇ ಶುರು ಮಾಡಿದ್ದೇನೆ.

ರಾಯಚೂರು ನಗರದಲ್ಲಿ ನೀರಿನ ಟಾಕಿಗಳಿಗೆ ಬಣ್ಣ ಹೊಡೆಯುವುದು ನನ್ನ ಕಸುಬು. ಓದಿದ್ದು ಊರಿನ ಶಾಲೆಯಲ್ಲಿ ಏಳನೆಯವರೆಗೆ. ‘ನಿನಗೆ ಇನ್ನು ಕಲಿಸುವುದು ನನ್ನಿಂದಾಗದು’ ಎಂದು ಮಾಸ್ತರರೇ ಕೈಮುಗಿದರು. ಅವರಿಗೆ ಗೊತ್ತಿದ್ದದ್ದೆಲ್ಲ ನಾನು ಅಷ್ಟು ಬೇಗ ಮುಗಿಸಿದ್ದೆ.

ಇವತ್ತು ಅಕ್ಕನ ಮಗಳು ಸಂಘಮಿತ್ರಾ ಬಂದಳು. ಹೈದರಾಬಾದಿನಲ್ಲಿ ಸಂಶೋಧನೆ ಮಾಡುತ್ತಾಳೆ. ಪ್ರಾಣಿಗಳು ತಾವಿರುವ ಜಾಗವನ್ನು ತಲೆಯೊಳಗೆ ಹೇಗೆ ಗುರುತಿಟ್ಟುಕೊಳ್ಳುತ್ತವೆ ಎಂಬುದು ಅವಳ ವಿಷಯ. ಚೀಲದಿಂದ ಟಿಫಿನ್ ಡಬ್ಬಿಯಷ್ಟು ದೊಡ್ಡ ಮೂರು ಪೆಟ್ಟಿಗೆ ತೆಗೆದಳು. ಶಬ್ದ ಹಿಡಿಯುವ ಪೆಟ್ಟಿಗೆಗಳಂತೆ. ಬಾವಲಿಗಳು ಜೋತುಬೀಳುವ ಮರದಲ್ಲಿ ಹತ್ತಡಿಗೆ ಒಂದು, ಇಪ್ಪತ್ತಡಿಗೆ ಒಂದು, ಮೂವತ್ತಡಿಗೆ ಒಂದು ಕಟ್ಟಬೇಕು. ಮೊದಲು ದೇವದುರ್ಗದ ಕಡೆ ಗೂಗಲ್ ಎಂಬ ಊರಲ್ಲಿ, ಆಮೇಲೆ ಮಾನ್ವಿಯ ಕಡೆ ಮಲ್ಲಟದಲ್ಲಿ.

“ಮರ ಹತ್ತವರು ಬೇಕಲ್ಲ?” ಎಂದೆ, ಬೇಕೆಂದೇ ಬೇರೆ ಕಡೆ ನೋಡುತ್ತ.

“ನೀ ಇದ್ದೀ ಅಂತ ಬ್ಯಾರೆ ಯಾರನ್ನೂ ಕೇಳೇ ಇಲ್ಲ ಮಾವ.”

ಹುಡುಗಿ ಜಾಣೆ. ನಮ್ಮ ಕಡೆಯ ರಕ್ತ.

೧೩ ಜನವರಿ, ಸೋಮವಾರ

ಊಟಕ್ಕೆ ಕುಳಿತಾಗ ಸಂಘಮಿತ್ರಾ ವಿಷಯ ಬಿಡಿಸಿ ಹೇಳಿದಳು. ನನಗೆ ಮೊದಲೇ ಗೊತ್ತಿತ್ತು. ಗೋಪಮ್ಮನಿಗೆ ತಿಳಿಯಲೆಂದು ಕೇಳಿಸಿಕೊಂಡೆ.

“ಮಾವ, ಈಗ ನೀ ಒಲಿ ಮುಂದ ಕುಂತೀದಿ. ನಿನ್ನ ತಲಿಯಾಗ ಒಂದು ಸಣ್ಣ ದೀಪ ಹತ್ತೇದ ಅಂತ ತಿಳಕೋ. ಎದ್ದು ಬಾಗಲಕ್ಕ ಹೋದ್ರ ಅದು ಆರಿ, ಇನ್ನೊಂದು ಹತ್ತತದ. ಒಂದೊಂದು ಜಾಗಕ್ಕ ಒಂದೊಂದು.”

“ಕರೆಂಟ್ ಹೋದ್ರ?”

“ಕತ್ತಲದಾಗೂ ಹತ್ತತಾವ. ಅದಕ್ಕ ಕಣ್ಣಿಗೆ ಏನೂ ಕಾಣದಿದ್ರೂ ನೀರಿನ ಕೊಡ ಎಲ್ಲದ ಅಂತ ನಿನ್ನ ಕೈಗೆ ಗೊತ್ತಾಗತದ.”

“ಹಂಗಾದ್ರ ಅಟ್ಟ ಹತ್ತಿದ್ರ? ಅದೇ ಒಲಿ ಮ್ಯಾಲ ಅಟ್ಟ ಅದ. ಅದೇ ದೀಪೋ, ಬ್ಯಾರೆ ದೀಪೋ?”

ಸಂಘಮಿತ್ರಾ ತುತ್ತು ಕೆಳಗಿಟ್ಟಳು. “ಮಾವ! ನನ್ನ ಸಂಶೋಧನಾ ಪ್ರಶ್ನೆನೇ ಅದು!”

ಈ ಮಾತನ್ನು ಗೋಪಮ್ಮ ಕೇಳಿಸಿಕೊಂಡಳೇ ಎಂದು ತಿರುಗಿ ನೋಡಿದೆ. ಅವಳು ಹಪ್ಪಳ ಸುಡುತ್ತಿದ್ದಳು.

ಇಲಿಗೆ ನೆಲದ ಲೆಕ್ಕ ಚೆನ್ನಾಗಿ ಬರುತ್ತದಂತೆ. ಎತ್ತರದ ಲೆಕ್ಕ ಕೊಂಚ ಮಸುಕು. ಅದರ ದೀಪದ ಬೆಳಕು ಮೇಲಕ್ಕೂ ಕೆಳಕ್ಕೂ ಉದ್ದಕ್ಕೆ ಹರಡಿಕೊಂಡಿರುತ್ತದೆ, ಕಂಬ ನಿಲ್ಲಿಸಿದ ಹಾಗೆ. ಹಾರುವ ಬಾವಲಿಯದು ಹಾಗಲ್ಲ, ಉಂಡಿ ಕಟ್ಟಿದ ಹಾಗೆ ಎಲ್ಲ ಕಡೆಗೂ ಸಮ. ಇದನ್ನು ದೊಡ್ಡವರು ಆಗಲೇ ಕಂಡುಕೊಂಡಿದ್ದಾರೆ. ನಮ್ಮ ದೊಡ್ಡ ಬಾವಲಿಗಳು ಬೆಳಗಿನ ಜಾವ ತಿರುಗಿ ಬಂದಾಗ ಅದೇ ಟೊಂಗೆ, ಅದೇ ಎತ್ತರ ಹಿಡಿಯುತ್ತವೆಯೇ ಎಂಬುದು ಇವಳು ನೋಡಬೇಕಾದದ್ದು. ಅವು ಜಗಳಾಡುವ ಸದ್ದು ಮೂರು ಪೆಟ್ಟಿಗೆಗಳಲ್ಲಿ ಹೆಚ್ಚು ಕಡಿಮೆ ಕೇಳಿಸುತ್ತದಲ್ಲ, ಅದರಿಂದ ಯಾವ ಬಾವಲಿ ಎಷ್ಟು ಮೇಲಿದೆ ಎಂದು ಲೆಕ್ಕ ಹಾಕುತ್ತಾಳೆ.

“ಮನುಷ್ಯಾರದು ಹೆಂಗವ್ವಾ?” ಎಂದು ಗೋಪಮ್ಮ ಕೇಳಿದಳು.

“ಪೂರ್ತಿ ಗೊತ್ತಾಗಿಲ್ಲ ಅತ್ತಿ.”

“ನಿಮ್ಮ ಮಾವಂದು ನನಗ ಗೊತ್ತದ. ವೈರಿಂಗೇ ಆಗಿಲ್ಲ.”

ನನ್ನದು ಬಾವಲಿಯ ತಲೆ ಎಂದು ನಾನು ಘೋಷಿಸಿದೆ. ಇಬ್ಬರೂ ಒಪ್ಪಿದರು. ನಗುತ್ತಾ ಒಪ್ಪಿದರು.

೧೬ ಜನವರಿ, ಗುರುವಾರ

ಬೆಳಿಗ್ಗೆ ರಾಯಚೂರಿನಲ್ಲಿ ಭೂಕಂಪ. ಹಾಸಿಗೆಯಲ್ಲಿ ಬಲಮಗ್ಗುಲಿಗೆ ಹೊರಳಿದ್ದೇ ತಡ, ಮನೆ ಗಿರಗಿರ ತಿರುಗಿತು. ಗಡಿಯಾರ ತಿರುಗಿತು, ಕ್ಯಾಲೆಂಡರ್ ತಿರುಗಿತು. ಗೋಡೆಯ ಮೇಲಿನ ಬುದ್ಧ ಮಾತ್ರ ಕಣ್ಣು ಮುಚ್ಚಿಕೊಂಡು ಸಹಿಸಿದ.

ಗೋಪಮ್ಮ ಚಹಾ ಸೋಸುತ್ತಿದ್ದಳು. ಒಂದು ಹನಿ ಚೆಲ್ಲಲಿಲ್ಲ. ಅಂದರೆ ಭೂಕಂಪ ನನ್ನ ಮಂಚದ ಹತ್ತಿರ ಮಾತ್ರ ಆಗಿದೆ. ವಿಜ್ಞಾನಿಗಳು ಗಮನಿಸಬೇಕಾದ ಸಂಗತಿ.

೧೯ ಜನವರಿ, ರವಿವಾರ

ಗೂಗಲ್‌ಗೆ ಹೋಗಿ ಬಂದೆವು. ಅಲ್ಲಾಉದ್ದೀನ್‌ನ ಲಗೇಜ್ ಆಟೋ. ಅವನೂ ನಾನೂ ಮೂವತ್ತು ವರ್ಷದ ದೋಸ್ತರು. ಬಣ್ಣದ ಡಬ್ಬಿ, ಏಣಿ ಹೇರುವವನು ಅವನು, ಹತ್ತುವವನು ನಾನು. ಊರು ಅವನದು ಮಾನ್ವಿ. ಅದನ್ನು ದಿನಕ್ಕೆ ನಾಲ್ಕು ಸಲ ಹೇಳುತ್ತಾನೆ.

ಕೃಷ್ಣಾ ದಂಡೆಯ ಮೇಲೆ ಒಂದು ಭಾರಿ ಮರ. ತುಂಬಾ ಬಾವಲಿಗಳು, ಒಣಗಲು ಹಾಕಿದ ಕರಿ ಕೊಡೆಗಳ ಹಾಗೆ. ನಾನು ಚಪ್ಪಲಿ ಬಿಟ್ಟು, ಪಂಚೆ ಎತ್ತಿ ಕಟ್ಟಿ, ಮೊದಲ ಕವಲಿನವರೆಗೆ ಸರಸರ ಹೋದೆ. ಅಲ್ಲಿ ಕತ್ತೆತ್ತಿದೆ. ಬಾವಲಿಗಳೆಲ್ಲ ಒಟ್ಟಿಗೆ ತಿರುಗತೊಡಗಿದವು. ಮರವೂ ಜೊತೆಗೆ ತಿರುಗಿತು. ನದಿ ಮೇಲೆ ಬಂದು ಆಕಾಶ ಕೆಳಗೆ ಹೋಯಿತು.

ಅಪ್ಪಿಕೊಂಡು ನಿಂತೆ. ಆಮೇಲೆ ಇಳಿದೆ.

“ಯಾಕ ಮಾವ?”

ಸುಮ್ಮನಿರುವುದು ಹೆಸರಿನಲ್ಲಿದೆ, ಸ್ವಭಾವದಲ್ಲಿಲ್ಲ. “ಬಾವಲಿ ಬಸಿರದಾವವ್ವಾ. ಬಸಿರಿದ್ದಾಗ ಗಂಡಸು ಮಗ್ಗಲಕ್ಕ ಹೋಗಬಾರದು” ಎಂದುಬಿಟ್ಟೆ.

ಸಂಘಮಿತ್ರಾ ದುರ್ಬೀನು ಹಿಡಿದು ನೋಡಿಯೇ ನೋಡಿದಳು. “ಮಾವ! ಖರೇ! ಇದು ಅವು ಬಸಿರಾಗೋ ಕಾಲ! ನಿನಗ ಹೆಂಗ ಗೊತ್ತಾತು?”

ದೇವರಾಣೆಗೂ ನನಗೆ ಗೊತ್ತಿರಲಿಲ್ಲ. “ಮುಖದ ಮ್ಯಾಲ ಗೊತ್ತಾಗತದ” ಎಂದೆ.

ಕೊನೆಗೆ ತೆಪ್ಪದ ಮೂಕಪ್ಪ ಎಂಬವನು ಸದ್ದಿಲ್ಲದೆ ಹತ್ತಿ ಮೂರನ್ನೂ ಕಟ್ಟಿದ. ಅವನೂ ಗಂಡಸೇ ಅಲ್ಲವೇ ಎಂದು ಅಲ್ಲಾಉದ್ದೀನ್ ಕೇಳಿದ. ದಾರಿಯುದ್ದಕ್ಕೂ ಅವನ ಜೊತೆ ಮಾತು ಬಿಟ್ಟೆ. ತಲೆ ಅಲ್ಲಾಡಿಸದೆ ಕೂರಲು ಅದು ಅನುಕೂಲವೂ ಆಯಿತು.

೨೬ ಜನವರಿ, ರವಿವಾರ

ಒಂದು ವಾರದ ಸದ್ದು ಸಿಕ್ಕಿತೆಂದು ಗೂಗಲ್‌ನ ಪೆಟ್ಟಿಗೆಗಳನ್ನು ಮೂಕಪ್ಪ ಬಿಚ್ಚಿ ಕಳಿಸಿದ್ದ. ಸಂಘಮಿತ್ರಾ ಹೈದರಾಬಾದಿಗೆ ಹೋಗಿದ್ದಾಳೆ. ಮಲ್ಲಟದ ಕೆಲಸ ಪೂರ್ತಿ ನನ್ನ ಮೇಲೆ.

ಮರ ಮುನವ್ವರ್ ಬೀ ಎಂಬ ಮುದುಕಿಯ ಹಿತ್ತಲಲ್ಲಿದೆ. ಹಳೆಯ ಹುಣಸೆ. ಬಾವಲಿಗಳು ಹಿರಿಯರ ಕಾಲದಿಂದ ಇವೆ, ಅವುಗಳ ಕೆಳಗೆ ಯಾರೂ ಗದ್ದಲ ಮಾಡುವಂತಿಲ್ಲ, ಮದುವೆಯಿದ್ದರೂ ಪಟಾಕಿ ಆಚೆ ಓಣಿಯಲ್ಲಿ. ಈ ಕಟ್ಟಳೆ ನಮಗೆ, ಊರಿಗೆಲ್ಲ. ಚಮೇಲಿ ಎಂಬ ಅವಳ ಆಡಿಗೆ ಮಾತ್ರ ಇಲ್ಲ.

ಚಪ್ಪಲಿ ಬಿಟ್ಟೆ. ಪಂಚೆ ಕಟ್ಟಿದೆ. ಬೊಡ್ಡೆಯ ಮೇಲೆ ಕೈಯಿಟ್ಟು ಒಂದು ಸಲ, ಸುಮ್ಮನೆ ಒಂದೇ ಒಂದು ಸಲ ಮೇಲೆ ನೋಡಿದೆ. ಮಲ್ಲಟದಲ್ಲೂ ಭೂಕಂಪ.

ಅಲ್ಲಾಉದ್ದೀನ್ ಹತ್ತಿರ ಬಂದ. “ಕ್ಯಾ ಹುವಾ ರೇ? ಮಾರಿ ಯಾಕ ಸುಣ್ಣ ಹೊಡದಂಗ ಆಗ್ಯದ?”

“ನೋಡು, ಬಾವಲಿ ಅಂದ್ರ ದೊಡ್ಡ ಕಿವಿ ಪ್ರಾಣಿ. ಪೆಟಗಿ ಎಲ್ಲಿದ್ರೇನು, ಸದ್ದು ಎಲ್ಲಾ ಕಡೆ ಬರತದ.”

“ಪೆಟಗಿಗೆ ಕಿವಿ ಇರೋದಾ, ಬಾವಲಿಗಾ?”

“ಇಲ್ಲೇ ಕಟ್ಟಿದ್ರ ಯಾರಿಗೆ ಗೊತ್ತಾಗತದ?”

“ಮೌನಪ್ಪಾ, ನಕ್ಕೋ ರೇ. ಪೋರಿ ಕಾ ಕಾಮ್ ಹೈ. ಹುಡುಗಿ ಕೆಲಸ, ಬ್ಯಾಡ.”

ಅವನಿಗೆ ವಿಜ್ಞಾನ ತಿಳಿಯದು. ಬೊಡ್ಡೆಯ ಸುತ್ತ ಮೂರು ಕಡೆ, ಕೈ ಎಟುಕುವಲ್ಲಿ ಮೂರನ್ನೂ ಭದ್ರವಾಗಿ ಕಟ್ಟಿದೆ. ಭದ್ರತೆ ಮುಖ್ಯ. ಮೂವತ್ತಡಿಯಿಂದ ಬಿದ್ದರೆ ಹುಡುಗಿಯ ಪೆಟ್ಟಿಗೆ ಒಡೆಯುವುದಿಲ್ಲವೇ? ಆಮೇಲೆ ನೆಲಕ್ಕೆ ಅಂಗಾತ ಮಲಗಿ, ಒಂದು ಪೆಟ್ಟಿಗೆಯ ಫೋಟೋ ಹೊಡೆದೆ. ಕೆಳಗಿನಿಂದ ಹೊಡೆದರೆ ಆಕಾಶಕ್ಕೆ ತಾಗಿದ ಹಾಗೆ ಕಾಣುತ್ತದೆ. ಮಲಗಿದ್ದಕ್ಕೆ ಇನ್ನೊಂದು ಭೂಕಂಪವಾಯಿತು. ಅದನ್ನೂ ಸಹಿಸಿದೆ, ವಿಜ್ಞಾನಕ್ಕಾಗಿ.

ಸಂಘಮಿತ್ರಾ ಕೂಡಲೇ ಉತ್ತರ ಕಳಿಸಿದಳು: ‘ಸೂಪರ್ ಮಾವ!! ಹುಷಾರು ಇಳಿ.’

ಹುಷಾರಾಗಿಯೇ ಎದ್ದೆ.

೩೧ ಜನವರಿ, ಶುಕ್ರವಾರ

ಟಾಕಿಗೆ ಬಣ್ಣ ಹೊಡೆಯಲು ಕರೆದರು. ಈ ವಾರ ಗಾಳಿ ಸರಿಯಿಲ್ಲ ಎಂದೆ. ಗಾಳಿಯೇ ಇಲ್ಲವಲ್ಲ ಎಂದರು. ಅದೇ ಸರಿಯಿಲ್ಲ ಎಂದು ವಿವರಿಸಿದೆ.

೪ ಫೆಬ್ರವರಿ, ಮಂಗಳವಾರ

ಗೋಡೆ ಹಿಡಿದು ನಡೆಯುವುದು ಆರೋಗ್ಯಕ್ಕೆ ಒಳ್ಳೆಯದು.

೯ ಫೆಬ್ರವರಿ, ರವಿವಾರ

ಮಲ್ಲಟಕ್ಕೆ ಹೋಗಿ ಪೆಟ್ಟಿಗೆಗಳ ಬ್ಯಾಟರಿ ಬದಲಿಸಿ, ಒಳಗೆ ಸದ್ದು ತುಂಬಿಕೊಂಡಿದ್ದ ಉಗುರಿನಷ್ಟು ಚಿಕ್ಕ ಕಾರ್ಡುಗಳನ್ನು ತಂದು ಹೈದರಾಬಾದಿಗೆ ಕಳಿಸಿದೆ. ಕೈಚಾಚಿದರೆ ಆಗುವ ಕೆಲಸ. ನನ್ನ ಏರ್ಪಾಡು ಎಷ್ಟು ಅನುಕೂಲದ್ದು ಎಂದು ಸಂಘಮಿತ್ರಾಳಿಗೆ ಹೇಳಲಾಗದಿರುವುದೊಂದೇ ಬೇಸರ.

ಮುನವ್ವರ್ ಬೀ ಹೊಸ್ತಿಲಲ್ಲಿ ಕುಳಿತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

“ಏನ್ರೀ ಭಾಯಿ, ಬಾವಲಿ ಮ್ಯಾಲ ಇರ್ತಾವ, ಡಬ್ಬಾ ತಳಗ ಕಟ್ಟೀರಿ. ನಮ್ ಚಮೇಲಿದು ರೆಕಾರ್ಡಿಂಗ್ ಮಾಡಾಕತ್ತೀರೇನು?”

“ಇದು ಹೊಸಾ ಪದ್ಧತಿ ಅಮ್ಮಾ.”

“ಹಾಂ. ಕಾಣಾಕತ್ತದ.”

ಒಂದು ಪೆಟ್ಟಿಗೆಯ ಹಗ್ಗವನ್ನು ಚಮೇಲಿ ಅರ್ಧ ತಿಂದಿತ್ತು. ಬೇರೆ ಕಟ್ಟಿದೆ.

೧೬ ಫೆಬ್ರವರಿ, ರವಿವಾರ

ಸಂಘಮಿತ್ರಾ ಫೋನ್ ಮಾಡಿದಳು. ಧ್ವನಿ ಹಾರುತ್ತಿತ್ತು.

“ಮಾವ, ಕುಂದರು ಮೊದಲ. ಗೂಗಲ್ ಬಾವಲಿಗೋಳು ಟೊಂಗಿ ಟೊಂಗಿ ಎತ್ತರ ಹಿಡದು ಕುಂದರತಾವ. ಮಲ್ಲಟದ್ದು ನೋಡಿದ್ರ, ಮೂರೂ ಪೆಟಗಿಯಾಗ ಸದ್ದು ಹೆಚ್ಚು ಕಡಿಮಿ ಒಂದ! ಅಕ್ಕಪಕ್ಕದ ಲೆಕ್ಕ ಅದ, ಎತ್ತರದ ಲೆಕ್ಕನ ಇಲ್ಲ. ಹಾರೋ ಪ್ರಾಣಿ, ನೆಲದ ಇಲಿ ಹಂಗ ವರ್ತನ ಮಾಡಾಕತ್ತದ! ಜಗತ್ತಿನ್ಯಾಗ ಯಾರೂ ಇಂಥಾದ್ದು ನೋಡಿಲ್ಲ.”

“ಯಾರೂ?”

“ಯಾರೂ ಇಲ್ಲ. ನಮ್ಮ ಗೈಡ್ ನಂಬವಲ್ಲರು. ‘ಪೆಟ್ಟಿಗೆ ಕಟ್ಟಿದವರು ಯಾರು?’ ಅಂತ ಕೇಳಿದ್ರು. ‘ನಮ್ಮ ಮಾವ, ನಲವತ್ತು ವರ್ಷ ಟಾಕಿ ಹತ್ಯಾನ’ ಅಂದೆ. ಸುಮ್ಮನಾದ್ರು. ಮಾರ್ಚ್ ನಾಲ್ಕಕ್ಕ ಎಲ್ಲಾರ ಮುಂದ ನಾ ಓದಬೇಕು.”

ಫೋನಿಟ್ಟ ಮೇಲೆ ಅಲ್ಲಾಉದ್ದೀನ್‌ಗೆ ಸುದ್ದಿ ಹೇಳಿದೆ: ದೇವದುರ್ಗದ ಬಾವಲಿಗೆ ಬುದ್ಧಿಯಿದೆ, ಮಾನ್ವಿಯ ಬಾವಲಿಗೆ ಇಲ್ಲ ಎಂದು ಹೈದರಾಬಾದಿನಲ್ಲಿ ತೀರ್ಮಾನವಾಗಿದೆ. ನಗುತ್ತಾನೆ ಅಂದುಕೊಂಡಿದ್ದೆ. ಆಟೋದ ಬಾಗಿಲು ಧಡ್ ಎಂದು ಹಾಕಿದ.

“ನಮ್ ಮಾನ್ವಿ ಬಾವಲಿ ಯಾರಿಗೂ ಕಮ್ಮಿ ಇಲ್ಲ. ಎತ್ತರ ಗೊತ್ತಿಲ್ಲದ್ದು ಬಾವಲಿಗಲ್ಲ, ನಿನಗ. ಪೋರಿ ನಾಕು ಮಂದಿ ಮುಂದ ನಿಂತಾಗ ಯಾರರ ಆ ಮರ ನೋಡಿ ಬರ್ತೀನಿ ಅಂದ್ರ? ಕ್ಯಾ ಕರ್ತೀ ವೋ? ಆಕಿ ಏನು ಮಾಡಬೇಕು?”

ಇದನ್ನು ನಾನು ಯೋಚಿಸಿರಲಿಲ್ಲ. ಅಂದರೆ ಯೋಚಿಸಿದ್ದೆ, ಇಷ್ಟು ಗಟ್ಟಿಯಾಗಿ ಅಲ್ಲ.

೧೮ ಫೆಬ್ರವರಿ, ಮಂಗಳವಾರ

ಜೋಳದ ರೊಟ್ಟಿ. ಬದನೆಕಾಯಿ. ಹಸಿವಿಲ್ಲ.

೨೦ ಫೆಬ್ರವರಿ, ಗುರುವಾರ

ಉಪಾಯ ಹೊಳೆಯಿತು. ಪೆಟ್ಟಿಗೆಗಳನ್ನು ಇವತ್ತೇ ಸರಿಯಾದ ಎತ್ತರಕ್ಕೆ ಕಟ್ಟಿಬಿಟ್ಟರೆ ಇನ್ನುಳಿದ ದಿನಗಳಲ್ಲಿ ಮಲ್ಲಟದ ಬಾವಲಿಗಳಿಗೆ ತಾನೇ ಬುದ್ಧಿ ಬರುತ್ತದೆ. ಹುಡುಗಿಯೂ ಉಳಿದಳು, ಮಾನ್ವಿಯೂ ಉಳಿಯಿತು, ನಾನೂ.

ಅಲ್ಲಾಉದ್ದೀನ್‌ನ ಜೊತೆ ಮಲ್ಲಟಕ್ಕೆ ಹೋಗಿ, ಮೂರನ್ನೂ ಬಿಚ್ಚಿ ಹೆಗಲ ಚೀಲಕ್ಕೆ ಹಾಕಿಕೊಂಡು ಹತ್ತಿದೆ. ಮೇಲೆ ನೋಡದೆ, ಕೆಳಗೆ ನೋಡದೆ, ಮೂಗಿನ ಮುಂದಿನ ತೊಗಟೆ ಮಾತ್ರ ನೋಡುತ್ತ ಎರಡನೆಯ ಕವಲಿನವರೆಗೆ ಬಂದೆ. ಅಲ್ಲಿ ಒಂದು ಬಾವಲಿ ಕಣ್ಣು ಬಿಟ್ಟು ನನ್ನನ್ನೇ ನೋಡಿತು. ಅದು ತಲೆಕೆಳಗು, ನಾನು ನೆಟ್ಟಗೆ. ಅಥವಾ ನಾನು ತಲೆಕೆಳಗು, ಅದು ನೆಟ್ಟಗೆ. ನಮ್ಮಿಬ್ಬರಲ್ಲಿ ಅದಕ್ಕೆ ಮಾತ್ರ ಖಚಿತವಿತ್ತು.

ಕೈಕಾಲು ಎರಡರಿಂದಲೂ ಟೊಂಗೆಯನ್ನು ತಬ್ಬಿಕೊಂಡು ಕಣ್ಣು ಮುಚ್ಚಿದೆ. ಕಣ್ಣು ಮುಚ್ಚಿದರೂ ತಿರುಗುವ ಲೋಕ ಎಂಥ ಲೋಕ!

“ಏನ್ ಕಾಣತದ ರೇ?” ಕೆಳಗಿನಿಂದ ಅಲ್ಲಾಉದ್ದೀನ್.

“ಪರಿಶೀಲನಾ ನಡದದ!”

“ಎಷ್ಟೊತ್ತಿನ ಮಟ?”

“ಬಾಳ ಅದ ಪರಿಶೀಲನಾ ಮಾಡೋದು!”

ಮುನವ್ವರ್ ಬೀ ಗದರಿದಳು. “ಗದ್ಲಾ ನಕ್ಕೋ ಕರೋ! ಬಾವಲಿ ಎದ್ದೀತು. ಆ ಭಾಯಿ ಮಾರಿ ನೋಡು, ಹಸರಾಗ್ಯದ. ತಾಟಪತ್ರಿ ತಗೊಂಡು ಬಾ.”

ಹುಣಸೆ ಉದುರಿಸುವಾಗ ಕೆಳಗೆ ಹಾಸುವ ತಾಟಪತ್ರಿಯನ್ನು ಇಬ್ಬರೂ ನಾಲ್ಕು ಮೂಲೆ ಹಿಡಿದು ನಿಂತರು. ನಾನು ಇಳಿದೆ. ಬಿದ್ದೆ ಎಂದು ಅಲ್ಲಾಉದ್ದೀನ್ ಹೇಳುತ್ತಾನೆ. ಹುಣಸೆಹಣ್ಣಿನ ಹಾಗೆ ಎಂದು ಮುನವ್ವರ್ ಬೀ ಸೇರಿಸುತ್ತಾಳೆ. ಪೆಟ್ಟಿಗೆಗಳಿಗೆ ಏನೂ ಆಗಲಿಲ್ಲ. ಅವನ್ನು ಮನೆಗೆ ತಂದಿದ್ದೇನೆ. ಬೊಡ್ಡೆಯಲ್ಲಿ ಉಳಿದಿದ್ದ ಹಗ್ಗಗಳನ್ನು ನಾನು ಮೇಲಿದ್ದಾಗಲೇ ಚಮೇಲಿ ತಿಂದು ಮುಗಿಸಿತ್ತು.

೨೩ ಫೆಬ್ರವರಿ, ರವಿವಾರ

ಸಂಘಮಿತ್ರಾ ಹೇಳದೆ ಕೇಳದೆ ಬಂದಳು. ಚಪ್ಪಲಿಯನ್ನೂ ಬಿಡದೆ ಲ್ಯಾಪ್‌ಟಾಪು ತೆರೆದಳು.

“ಮಾವ, ಇದು ಮೂವತ್ತಡಿ ಪೆಟಗಿದು. ಕೇಳು.”

ಮೊದಲು ಬಾವಲಿಗಳ ಕಿಚಿಪಿಚಿ. ಆಮೇಲೆ, ಕಿವಿಯ ಪಕ್ಕದಲ್ಲೇ ನಿಂತ ಹಾಗೆ, ‘ಮ್ಯಾಆ’. ಅದರ ಹಿಂದೆ ಏನನ್ನೋ ಕರುಂಕರುಂ ಅಗಿಯುವ ಸದ್ದು. ಅದರ ಹಿಂದೆ ಮುನವ್ವರ್ ಬೀ: ‘ಚಮೇಲೀ, ವೋ ಡಬ್ಬಾ ನಕ್ಕೋ ಖಾ!’

“ಮೂವತ್ತಡಿ ಮ್ಯಾಲ ಆಡು ಹೆಂಗ ಬಂತು?”

“ಮಲ್ಲಟದ ಆಡು ಭಾರಿ ಹತ್ತತಾವ.”

“ಡಬ್ಬಿ ತಿನ್ನಬ್ಯಾಡ ಅಂತ ಬೈಯಾಕ ಆ ಅಮ್ಮನೂ ಹತ್ತಿದ್ಲೇನು?”

“ಆಕಿ ಆಡು. ಆಕಿ ಹತ್ತದೇ ಯಾರು ಹತ್ತಬೇಕು?”

ಸಂಘಮಿತ್ರಾ ನಗಲಿಲ್ಲ. ಇನ್ನೊಂದನ್ನು ಒತ್ತಿದಳು. ಪೆಟ್ಟಿಗೆ ಮೊದಲ ದಿನವೇ ಶುರುವಾಗಿತ್ತಂತೆ, ನನ್ನ ಕೈಯಲ್ಲಿದ್ದಾಗಲೇ. ಒಬ್ಬ ಗಂಡಸಿನ ಧ್ವನಿ, ಕೊಂಚ ಬೊಗಳೆ ಧ್ವನಿ, ಕೇಳಿತು: ‘ಇಲ್ಲೇ ಕಟ್ಟಿದ್ರ ಯಾರಿಗೆ ಗೊತ್ತಾಗತದ?’

ನನ್ನ ಧ್ವನಿ ಅಷ್ಟು ಸಣ್ಣದೆಂದು ಇವತ್ತೇ ಗೊತ್ತಾದದ್ದು.

ಅವಳು ಬೈದಿದ್ದರೆ ತಿರುಗಿ ಬೈಯುತ್ತಿದ್ದೆ. ಉತ್ತರ ತಯಾರಿತ್ತು. ಅವಳು ಲ್ಯಾಪ್‌ಟಾಪು ಮುಚ್ಚಿ, “ನಾ ಎಲ್ಲಾರಿಗೂ ಹೇಳೀನಿ ಮಾವ” ಎಂದಳು. “ನಮ್ಮ ಮಾವ ಕಟ್ಯಾನ, ಅದರಾಗ ತಪ್ಪಿರಾಕ ಸಾಧ್ಯ ಇಲ್ಲ ಅಂತ.”

ಆಗ ಗೋಪಮ್ಮ ಒಳಗಿನಿಂದ ಬಂದಳು. ಕೈಯಲ್ಲಿ ಹಿಟ್ಟು. “ಯವ್ವಾ, ಒಂದು ಹೇಳತೀನಿ. ನಿಮ್ಮ ಮಾವ ತಿಂಗಳಾತು, ಗ್ವಾಡಿ ಹಿಡದು ಅಡ್ಯಾಡಾಕತ್ಯಾನ. ಹಾಸಿಗಿಯಾಗ ಹೊಳ್ಳಿದ್ರ ಮಂಚದ ಕಾಲು ಹಿಡಕೋತಾನ. ನನಗ ತಿಳಿದಿಲ್ಲ ಅಂತ ಅವನ ಲೆಕ್ಕ. ಆ ಮರ ಅವ ಹತ್ತಾಂಗಿರಲಿಲ್ಲ.”

“ಭೂಕಂಪ…” ಎಂದೆ.

ಇಬ್ಬರೂ ನನ್ನನ್ನು ನೋಡಿದ ರೀತಿಯನ್ನು ಬರೆಯುವುದಿಲ್ಲ.

೨೫ ಫೆಬ್ರವರಿ, ಮಂಗಳವಾರ

ಸಂಘಮಿತ್ರಾ ಹೈದರಾಬಾದಿಗೆ ಹೋಗುವ ಮೊದಲು ಕಿವಿಯ ಡಾಕ್ಟರ ಹತ್ತಿರ ಕರೆದೊಯ್ದಳು. ದಾರಿಯಲ್ಲಿ ಮಾತಿಲ್ಲ. ರಸ್ತೆ ದಾಟುವಾಗ ಮಾತ್ರ ನನ್ನ ತೋಳು ಹಿಡಿದಿದ್ದಳು.

ಕಿವಿಯೊಳಗೆ ಮೂರು ಬಳೆಯಂಥ ಕೊಳವೆಗಳಿವೆಯಂತೆ, ಮೂರೂ ಬೇರೆ ಬೇರೆ ಕಡೆ ಮುಖ ಮಾಡಿ. ತಲೆ ಮೇಲೆ ಕೆಳಗೆ ಹೋದದ್ದು, ಅತ್ತಿತ್ತ ತಿರುಗಿದ್ದು, ವಾಲಿದ್ದು, ಎಲ್ಲವನ್ನೂ ಮಿದುಳಿಗೆ ಅವೇ ಹೇಳುತ್ತವೆ. ಅವುಗಳ ಪಕ್ಕದಲ್ಲಿ ಇರಬೇಕಾದ ಸುಣ್ಣದ ಪುಡಿಯಂಥ ಹರಳು ಜಾಗ ಬಿಟ್ಟು ಒಂದು ಕೊಳವೆಗೆ ಉರುಳಿದೆ. ನಾನು ಸುಮ್ಮನೆ ಮಲಗಿದ್ದರೂ ಕೊಳವೆ ‘ತಿರುಗಾಕತ್ತೇವಿ’ ಎಂದು ಸುಳ್ಳು ಹೇಳುತ್ತದೆ, ಮಿದುಳು ನಂಬುತ್ತದೆ.

“ನೋಡು ಮಾವ” ಎಂದಳು ಸಂಘಮಿತ್ರಾ. ಮೂರು ದಿನಕ್ಕೆ ಮೊದಲ ಮಾತು. “ಕೆಳಗಿನವರು ತಪ್ಪು ಹೇಳಿದ್ರ ಮ್ಯಾಲಿನವರು ಏನು ಮಾಡಬೇಕು?”

ಕೊಳವೆಯ ಬಗ್ಗೆಯೇ ಹೇಳಿದಳು ಎಂದುಕೊಂಡೆ.

ಡಾಕ್ಟರು ನನ್ನನ್ನು ಅಂಗಾತ ಮಲಗಿಸಿ, ತಲೆಯನ್ನು ಮಂಚದ ಅಂಚಿನಿಂದ ಕೆಳಕ್ಕೆ ಇಳಿಬಿಟ್ಟು, ಬಲಕ್ಕೆ ತಿರುಗಿಸಿ, ತಡೆದು, ಎಡಕ್ಕೆ ತಿರುಗಿಸಿ, ಹೊರಳಿಸಿ, ಎಬ್ಬಿಸಿ ಕೂರಿಸಿದರು. ಗಾರೆಯವನು ಜರಡಿ ಆಡಿಸಿದ ಹಾಗೆ. ಮೊದಲು ಇಡೀ ರಾಯಚೂರು ಸುತ್ತಿತು. ಆಮೇಲೆ ನಿಂತಿತು. ಗೋಡೆ ಗೋಡೆಯಾಯಿತು, ಡಾಕ್ಟರಿಗೆ ಒಂದೇ ಮೂಗು ಉಳಿಯಿತು.

ತಲೆಕೆಳಗೆ ಜೋತಾಡಿ ವಾಸಿಯಾದ ಮೊದಲ ಪೇಂಟರ್ ನಾನೇ ಇರಬೇಕು. ಡಾಕ್ಟರನ್ನು ಕೇಳಿದೆ. ವಾರಕ್ಕೆ ಹತ್ತು ಮಂದಿ ಬರುತ್ತಾರೆ ಎಂದರು.

೧ ಮಾರ್ಚ್, ಶನಿವಾರ

ಬೆಳಿಗ್ಗೆಯ ಬಸ್ಸಿಗೆ ಸಂಘಮಿತ್ರಾ ಬಂದಳು. ಕಣ್ಣು ಕೆಂಪಾಗಿದ್ದವು, ಕೈಯಲ್ಲಿ ಪೆನ್ನಿತ್ತು.

“ಮಾವ, ಕೆಲಸ ಹಾಳಾಗಿಲ್ಲ. ಸದ್ದು ಖರೇನ ಅದ. ಪೆಟಗಿ ಎಲ್ಲಿತ್ತು ಅಂತ ನಾ ತಿಳಕೊಂಡದ್ದ ಸುಳ್ಳು. ಮೂರೂ ಒಂದ ಎತ್ತರದಾಗ, ಬೊಡ್ಡಿ ಸುತ್ತ ಇದ್ದುವಲ್ಲ? ಒಂದೊಂದಕ್ಕ ಸದ್ದು ಮುಟ್ಟಾಕ ಕೂದಲೆಳಿಯಷ್ಟು ಹೆಚ್ಚುಕಮ್ಮಿ ಹೊತ್ತು ಹಿಡೀತದ. ಅದರ ಮ್ಯಾಲ ಬಾವಲಿ ಎಲ್ಲಿತ್ತು ಅಂತ ತಗೀಬಹುದು. ಮ್ಯಾಲೋ ಕೆಳಗೋ ಅನ್ನೋದೊಂದು ಗೊಂದಲ ಉಳೀತದ. ಆದ್ರ ಬಾವಲಿ ಎಲ್ಲಾ ಮ್ಯಾಲ ಇದ್ದುವು. ಕೆಳಗಿದ್ದದ್ದು ಚಮೇಲಿ ಒಂದ.”

“ಅಂದ್ರ ಮಲ್ಲಟದ ಬಾವಲಿಗೆ ಬುದ್ಧಿ ಅದನು?”

“ಅದ ಅಂತ ಕಾಣತದ. ಜಾಗ ಪಕ್ಕಾ ಗೊತ್ತಾಗಬೇಕು. ಹಗ್ಗ ಆಡು ತಿಂದದ, ಮರದ ಮ್ಯಾಲ ಗುರುತಿಲ್ಲ. ಗೊತ್ತಿರೋದು ನಿನಗ ಒಬ್ಬಂಗ. ಮೊದಲ ದಿಕ್ಕು ಹೇಳು.”

ದಿಕ್ಕು ನನಗೆ ಬಾಯಿಪಾಠ. ಒಂದು ಮುನವ್ವರ್ ಬೀ ಬಾಗಿಲಿಗೆ ನೇರ, ಒಂದು ಬಾವಿಗೆ ನೇರ, ಒಂದು ಅಲ್ಲಾಉದ್ದೀನ್ ಆಟೋ ನಿಲ್ಲಿಸಿದ್ದ ಬೇವಿನ ಗಿಡಕ್ಕೆ ನೇರ. ಕಣ್ಣು ಮುಚ್ಚಿ ಚಿತ್ರ ಬರೆದುಕೊಟ್ಟೆ. ಮುನವ್ವರ್ ಬೀಗೆ ಅವಳು ಫೋನ್ ಮಾಡಿ ಕೇಳಿದಳು. ಮೂರೂ ಸರಿ.

“ನೆಲದ ಲೆಕ್ಕ ನಿಂದು ಭಾರಿ ಚಲೋ ಅದ ಮಾವ. ಈಗ ಎತ್ತರ.”

“ಹನ್ನೆರಡಡಿ.”

ಅವಳು ಬರೆದುಕೊಳ್ಳಲಿಲ್ಲ. ಪೆನ್ನು ಹಿಡಿದು ಕಾಯುತ್ತಿದ್ದಳು.

“ಹತ್ತು ಇರಬೇಕು.”

ಒಳಗೆ ಗೋಪಮ್ಮನ ರೊಟ್ಟಿ ಬಡಿಯುವ ಸದ್ದು ನಿಂತಿತು.

“ನನ್ನ ಕೈ ಎಟಕುವಷ್ಟು. ಏಳಡಿ.”

“ಏಳು. ಪಕ್ಕಾ? ಟೊಂಗಿಗೋಳ ಎತ್ತರ ನಾ ಮೊದಲ ಮರ ಆರಿಸಾಕ ಹೋದಾಗ ನೆಲದಿಂದ ಅಳದೀನಿ. ಒಂದು ಗೇಣು ತಪ್ಪಿದ್ರ ಬಾವಲಿ ಬ್ಯಾರೆ ಟೊಂಗಿಗೆ ಹೋಗಿ ಕುಂದರತದ. ಅಲ್ಲಿ ನನಗ ಪ್ರಶ್ನೆ ಕೇಳವರು ಮಾಮೂಲಿ ಮಂದಿಯಲ್ಲ.”

“ಪಕ್ಕಾ.”

ಬರೆದುಕೊಂಡಳು. ಎದ್ದಳು. ನನ್ನ ತಲೆಯ ಮೇಲೆ, ಸಣ್ಣ ಮಗುವಿಗೆ ಮಾಡುವ ಹಾಗೆ, ಕೈಯಿಟ್ಟಳು. ಮಧ್ಯಾಹ್ನದ ಬಸ್ಸಿಗೆ ಹೋದಳು.

೨ ಮಾರ್ಚ್, ರವಿವಾರ

ತಿಂಗಳ ಬಳಿಕ ಟಾಕಿ ಹತ್ತಿದೆ. ಮೇಲೆ ನೋಡಿದೆ, ಕೆಳಗೆ ನೋಡಿದೆ, ಬೇಕೆಂದೇ ಬಲಕ್ಕೆ ತಿರುಗಿದೆ. ಎಲ್ಲವೂ ಇದ್ದಲ್ಲೇ ಇತ್ತು. ಮೇಲಿನಿಂದ ಅಲ್ಲಾಉದ್ದೀನ್‌ಗೆ ಕೂಗಿ ಹೇಳಿದೆ: ಮಾನ್ವಿಯ ಬಾವಲಿಗೆ ಬುದ್ಧಿಯಿದೆಯಂತೆ. “ಮಾಲೂಮ್ ಥಾ! ಗೊತ್ತಿತ್ತು!” ಎಂದು ಹಾರ್ನ್ ಬಾರಿಸಿದ. ನಲವತ್ತಡಿಯ ಟಾಕಿ. ಗುತ್ತಿಗೆದಾರನ ಕಾಗದದಲ್ಲಿ ಮೂವತ್ತೆರಡು ಎಂದಿದೆ. ನಾನು ಯಾವಾಗಲೂ ನಲವತ್ತು ಎನ್ನುತ್ತೇನೆ.

ಇಳಿದ ಮೇಲೆ, ಟಾಕಿಯ ಬುಡದಲ್ಲಿ ಸುಣ್ಣ ಬಳಿದ ಗೋಡೆಯ ಮೇಲೆ ಸುಮ್ಮನೆ ಕೈಯೆತ್ತಿ ಬೆರಳ ತುದಿಯಿಂದ ಒಂದು ಗುರುತು ಹಾಕಿದೆ. ಯಾಕೆ ಹಾಕಿದೆನೋ. ಆಮೇಲೆ ಟೇಪು ಹಿಡಿದೆ. ಇನ್ನೊಂದು ಸಲ ಹಿಡಿದೆ. ಟೇಪಿನಲ್ಲೇ ದೋಷವಿರಬೇಕೆಂದು ಅಲ್ಲಾಉದ್ದೀನ್‌ನ ಟೇಪು ತರಿಸಿದೆ.

ಮನೆಗೆ ಬಂದು ಸಂಘಮಿತ್ರಾಳಿಗೆ ಫೋನ್ ಮಾಡಿದೆ.

“ಏಳಲ್ಲವ್ವಾ. ಆರೂವರಿ.”

ಆ ಕಡೆ ಪೆನ್ನಿನ ಸದ್ದು. “ಕಾಲ ಬೆರಳ ಮ್ಯಾಲ ನಿಂತು ಅಳದೀಯೋ, ಪಾದ ಊರಿಯೋ?”

“ಬೆರಳ ಮ್ಯಾಲ.”

“ಅವತ್ತು ಹೆಂಗ ನಿಂತು ಕಟ್ಟಿದ್ದಿ?”

ಬೆರಳ ಮೇಲೆ ಎಂದು ಬಾಯಿಗೆ ಬಂದಿತ್ತು. ಗೋಪಮ್ಮ ಟೇಪಿನ ಒಂದು ತುದಿಯನ್ನು ಆಗಲೇ ನೆಲಕ್ಕೆ ಒತ್ತಿ ಹಿಡಿದು ಕುಳಿತಿದ್ದಳು, ನನ್ನ ಮುಖ ನೋಡದೆ.

“ಪಾದ ಊರಿ” ಎಂದೆ. “ಒಂದು ಕೈಲೆ ಬೊಡ್ಡಿ ಹಿಡಕೊಂಡಿದ್ದೆ. ಬೆರಳ ಮ್ಯಾಲ ನಿಂತ್ರ ಬೀಳತಿದ್ದೆ. ಅಂಜಿಕಿ ಬಂದಿತ್ತು.”

ಸಂಘಮಿತ್ರಾ ಫೋನ್ ಹಿಡಿದೇ ಕಾಯುತ್ತಿದ್ದಳು. ನಾನು ಗೋಡೆಗೆ ಎದೆ ಹಚ್ಚಿ, ಹಿಮ್ಮಡಿ ನೆಲಕ್ಕೆ ಒತ್ತಿ, ಕೈಯೆತ್ತಿದೆ. ಗೋಪಮ್ಮ ಓದಿದಳು, ನಾನು ಫೋನಿನಲ್ಲಿ ಹೇಳಿದೆ:

“ಬರಕೋ. ಆರಡಿ ಎರಡಿಂಚು.”